ಚೌಡ ಒತ್ತದ ಬ್ರೇಕು

ಶಿರಸಿ ಕಡೆಯಿಂದ ಮಾಲು ತುಂಬಿಕೊಂಡು ದೇವಿಮನೆ ಘಟ್ಟ ಇಳಿದ ಲಾರಿಗಳೆಲ್ಲ ಕತಗಾಲದ ಚಾದಂಗಡಿಯ ಮುಂದೆ ಒಮ್ಮೆ ನಿಲ್ಲುತ್ತಿದ್ದವು. ಇಳಿಜಾರಿನುದ್ದಕ್ಕೂ ಬ್ರೇಕ್ ಒತ್ತಿ ಒತ್ತಿ ಹಿಂದಿನ ಚಕ್ರದ ಡ್ರಮ್ಮು ಕಾದಿರುತ್ತಿತ್ತು; ಲೈನರ್ ಸುಟ್ಟ ವಾಸನೆ ಅಂಗಡಿಯ ಒಳಗಿನವರೆಗೂ ಬರುತ್ತಿತ್ತು. ಹೊಳನಗದ್ದೆಯ ಚೌಡನ ಲಾರಿ ಮಾತ್ರ ಹಾಗೆ ನಾರುತ್ತಿರಲಿಲ್ಲ. ಘಟ್ಟದ ತಲೆಯಲ್ಲೇ ಎರಡನೇ ಗೇರಿಗೆ ಹಾಕಿ, ಇಂಜಿನ್ನಿನ ಹಿಡಿತದಲ್ಲೇ ಲಾರಿಯನ್ನು ಕೆಳಗಿಳಿಸುತ್ತಿದ್ದ. ಬ್ರೇಕಿನ ಮೇಲೆ ಕಾಲಿಡುವುದು ಅವನಿಗೆ ಒಂದು ಬಗೆಯ ಅವಮಾನ.

ಅವನು ಕುಮಟೆಯ ಅಕ್ಕಿ-ಬೆಲ್ಲದ ವ್ಯಾಪಾರಿ ಶಾನಭಾಗರ ಲಾರಿ ಬಿಡುತ್ತಿದ್ದ. ಶಾನಭಾಗರು ಹೊಸ ಡ್ರೈವರ್ ಯಾರೇ ಬರಲಿ, ಮೊದಲು ಚೌಡನ ಪಕ್ಕ ಕೂತು ನಾಲ್ಕು ಸಲ ಘಟ್ಟ ಇಳಿ ಎನ್ನುತ್ತಿದ್ದರು. ಚೌಡ ಆ ಮಾತು ಕೇಳದವನಂತೆ ಎಲೆಗೆ ಸುಣ್ಣ ಸವರುತ್ತ ಕೂತಿರುತ್ತಿದ್ದ. ಆದರೆ ಮನೆಗೆ ಬಂದು ಹೆಂಡತಿ ಬಂಗಾರಿಗೆ ಅದನ್ನೇ ಎರಡೆರಡು ಸಲ ಹೇಳುತ್ತಿದ್ದ.

ಬಂಗಾರಿಯ ತಂಗಿ ವೀಣಾಳ ಗಂಡ ವಿನೋದ ಕರ್ಕಿಯವನು. ಹೊನ್ನಾವರದ ಹೆದ್ದಾರಿಯ ಬದಿಯಲ್ಲಿ ಅವನದೊಂದು ಅಂಗಡಿ; ಲಾರಿ-ಬಸ್ಸುಗಳ ಡೈನಮೊಗೆ ತಂತಿ ಸುತ್ತುವುದು, ವೈರಿಂಗ್ ಸರಿಮಾಡುವುದು ಅವನ ಕೆಲಸ. ತೊಂಬತ್ತೆಂಟರ ಮಳೆಗಾಲದಲ್ಲಿ ಕೆಲಸ ಕಡಿಮೆಯಿದ್ದಾಗ ಅವನ ತಲೆಯಲ್ಲಿ ಒಂದು ಯೋಚನೆ ಹೊಕ್ಕಿತು. ಇಳಿಜಾರಿನಲ್ಲಿ ಓಡುವ ಲಾರಿಯ ಶಕ್ತಿಯೆಲ್ಲ ಬ್ರೇಕಿನಲ್ಲಿ ಬಿಸಿಯಾಗಿ ಹಾಳಾಗುತ್ತದೆ. ಅದರಲ್ಲಿ ಸ್ವಲ್ಪವನ್ನಾದರೂ ಹಿಡಿದು ಅದೇ ಬ್ರೇಕನ್ನು ತಣಿಸಲಿಕ್ಕೆ ಬಳಸಬಹುದಲ್ಲ ಎಂದುಕೊಂಡ. ಹಳೆಯ ಬಸ್ಸಿನ ಡೈನಮೊ ಒಂದನ್ನು ತಂದು, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟಿಗೆ ಬೆಲ್ಟಿನಿಂದ ಜೋಡಿಸಿದ. ಡ್ರೈವರ್ ಬ್ರೇಕ್ ಒತ್ತಿದಾಗ ಮಾತ್ರ ಅದು ಕರೆಂಟು ಹುಟ್ಟಿಸಬೇಕು, ಆ ಕರೆಂಟು ಬೇರೆಯೇ ಒಂದು ಬ್ಯಾಟರಿಗೆ ಹೋಗಬೇಕು, ಅದರಿಂದ ಎರಡು ಫ್ಯಾನು ತಿರುಗಿ ತಗಡಿನ ಕೊಳವೆಯಲ್ಲಿ ಡ್ರಮ್ಮುಗಳ ಮೇಲೆ ಗಾಳಿ ಬೀಸಬೇಕು. ಇಷ್ಟೇ ಅದರ ಹೂರಣ.

ಶಾನಭಾಗರು ಅದನ್ನು ನಾಗುವಿನ ಲಾರಿಗೆ ಕಟ್ಟಿ ನೋಡಲು ಒಪ್ಪಿದರು. ನಾಗು ಭಟ್ಕಳದವನು, ಒಳ್ಳೆಯವನೇ, ಆದರೆ ಕಾಲು ಭಾರ. ಚೌಡನ ಪಕ್ಕ ಎಷ್ಟು ಸಲ ಕೂತರೂ ತಿರುವು ಕಂಡ ಕೂಡಲೇ ಬ್ರೇಕ್ ತುಳಿಯುತ್ತಿದ್ದ. ಅವನ ಲಾರಿ ಹೊಗೆಯಿಲ್ಲದೆ ಕತಗಾಲಕ್ಕೆ ಬಂದದ್ದೇ ಇಲ್ಲ.

ದೀಪಾವಳಿ ಕಳೆದ ಮೇಲೆ ಅದು ಮೊದಲ ಸಲ ಹೊಗೆಯಿಲ್ಲದೆ ಬಂತು. ಚಾದಂಗಡಿಯಲ್ಲಿದ್ದವರೆಲ್ಲ ಎದ್ದು ಹೋಗಿ ನಾಗುವಿನ ಲಾರಿಯ ಕೆಳಗೆ ಬಗ್ಗಿ ನೋಡಿದರು. ಲಾರಿ ನಿಂತಿದ್ದರೂ ಫ್ಯಾನು ಇನ್ನೂ ಗುಂಯ್ ಎನ್ನುತ್ತಿತ್ತು. ಡ್ರಮ್ಮು ಬಿಸಿಯಿತ್ತು, ಆದರೆ ಲೈನರ್ ಸುಟ್ಟಿರಲಿಲ್ಲ. ಚೌಡನ ಲಾರಿ ಅದರ ಹಿಂದೆಯೇ ನಿಂತಿತ್ತು, ಅದಕ್ಕಿಂತ ತಣ್ಣಗೆ. ಅದರ ಹತ್ತಿರ ಒಬ್ಬರೂ ಸುಳಿಯಲಿಲ್ಲ. ಚೌಡ ಅರ್ಧ ಚಾ ಬಿಟ್ಟು ಎದ್ದ.

ಮನೆಯಲ್ಲೂ ಅದೇ ಸುದ್ದಿ. ಬಂಗಾರಿ ತಂಗಿಯ ಮನೆಗೆ ಹೋಗಿ ಬಂದವಳು ವಿನೋದನ ತಲೆಯನ್ನು ಹೊಗಳಿದ್ದೇ ಹೊಗಳಿದ್ದು. ಹೊನ್ನಾವರದ ಲಾರಿ ಮಾಲೀಕರೆಲ್ಲ ಕೇಳಿಕೊಂಡು ಬರುತ್ತಿದ್ದಾರಂತೆ ಎಂದಳು. ಚೌಡ ಗಂಜಿಗೆ ಮತ್ತಷ್ಟು ಉಪ್ಪು ಹಾಕಿಕೊಂಡ. ಅವನು ಡೈನಮೊ ಸುತ್ತುವವ, ಘಟ್ಟ ಇಳಿದವನಲ್ಲ ಎಂದ. ಬಂಗಾರಿ ನಕ್ಕಳು. ಆ ನಗು ಅವನಿಗೆ ಸೇರಲಿಲ್ಲ. ಇಷ್ಟು ವರ್ಷ ಕಾಲನ್ನು ಬಿಗಿ ಹಿಡಿದು ಸಂಪಾದಿಸಿದ ಹೆಸರು, ಗುಜರಿಯ ಎರಡು ಫ್ಯಾನು ಕಟ್ಟಿಕೊಂಡ ನಾಗುವಿಗೂ ಸಿಗುವುದಾದರೆ ತಾನು ಯಾರು? ಹಗಲು ಸ್ಟೇರಿಂಗ್ ಹಿಡಿದಾಗಲೂ ಇದೇ ಕೊರೆಯುತ್ತಿತ್ತು. ವಿನೋದ ಹಬ್ಬಕ್ಕೆ ಮನೆಗೆ ಬಂದರೆ ಚೌಡ ಗದ್ದೆಯ ಕಡೆ ಹೊರಟುಬಿಡುತ್ತಿದ್ದ.

ಶಾನಭಾಗರಿಗೆ ಉಳಿದ ಲಾರಿಗಳಿಗೂ ಅದನ್ನು ಹಾಕಿಸುವ ಮನಸ್ಸಾಯಿತು. ಹಾಕಿಸುವ ಮೊದಲು ಚೌಡನನ್ನು ಕರೆದು, ನಾಗುವಿನ ಲಾರಿಯನ್ನು ಒಂದು ಸಲ ಇಳಿಸಿ ನೋಡಿ ಹೇಳು, ನಿನ್ನ ಮಾತೇ ನನಗೆ ಮಾತು ಎಂದರು.

ಚೌಡ ಹೋದ. ಬೆಲ್ಲ ತುಂಬಿದ ಲಾರಿಯನ್ನು ದೇವಿಮನೆಯಿಂದ ಎರಡನೇ ಗೇರಿನಲ್ಲಿ ಇಳಿಸಿದ. ಕಡಿದಾದ ಕಡೆ ಒಂದನೆಯದಕ್ಕೆ ಹಾಕಿದ. ತನ್ನ ಜೀವಮಾನದಲ್ಲೇ ಅಷ್ಟು ಚೆಂದ ಇಳಿಸಿರಲಿಲ್ಲ. ಬ್ರೇಕ್ ಒತ್ತಲೇ ಇಲ್ಲ. ಒತ್ತದಿದ್ದರೆ ಕರೆಂಟು ಹುಟ್ಟದು, ಕರೆಂಟಿಲ್ಲದಿದ್ದರೆ ಫ್ಯಾನು ತಿರುಗದು ಎಂಬುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಕುಮಟೆಯಲ್ಲಿ ಲಾರಿಯಿಂದ ಇಳಿದು ಶಾನಭಾಗರಿಗೆ ಒಂದೇ ಮಾತು ಹೇಳಿದ.

“ಫ್ಯಾನು ತಿರುಗ್ಲೇ ಇಲ್ಲ.”

ಅದು ಸುಳ್ಳಾಗಿರಲಿಲ್ಲ. ನಡುದಾರಿಯಲ್ಲಿ ಕೈಕೊಡುವ ಯಂತ್ರ ಬೇಡವೆಂದು ಶಾನಭಾಗರು ಮರುವಾರವೇ ನಾಗುವಿನ ಲಾರಿಯಿಂದ ಅದನ್ನು ಬಿಚ್ಚಿಸಿದರು.

ವಿನೋದ ಆ ಭಾನುವಾರ ಹೊಳನಗದ್ದೆಗೆ ಬಂದ. ಬಂಗಾರಿ ಕೊಟ್ಟ ನೀರನ್ನೂ ಕುಡಿಯದೆ ಜಗಲಿಯಲ್ಲಿ ಕೂತ.

“ಭಾವ, ನೀ ಬ್ರೇಕ್ ಒತ್ತಿದ್ಯ?”

“ಒತ್ತುವ ಕೆಲ್ಸ ಬರ್ಲಿಲ್ಲ.”

“ನಿನ್ನ ಕಾಲಿಗೆ ಅಂತ ನಾ ಅದನ್ನ ಮಾಡ್ಲಿಲ್ಲ. ನಾಗುನ ಕಾಲಿಗೆ ಮಾಡಿದ್ದು.”

ವಿನೋದ ಎದ್ದು ಹೋದ. ಬಂಗಾರಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಅಂದಿನಿಂದ ತಂಗಿಯ ಮನೆಯ ಮಾತನ್ನೇ ಗಂಡನ ಮುಂದೆ ಎತ್ತಲಿಲ್ಲ. ಬೇಕಾದದ್ದು ಇದೇ ತಾನೇ ಎಂದು ಚೌಡ ತನಗೆ ತಾನೇ ಹೇಳಿಕೊಂಡ. ಕತಗಾಲದಲ್ಲಿ ನಾಗುವಿನ ಲಾರಿ ಮತ್ತೆ ಹೊಗೆಯಾಡಿದಾಗ ಅವನಿಗೆ ಒಳಗೊಳಗೇ ಖುಷಿಯಾಗುತ್ತಿತ್ತು. ಆ ಖುಷಿ ಊಟದ ಹೊತ್ತಿನ ತನಕವೂ ಉಳಿಯುತ್ತಿರಲಿಲ್ಲ.

ಮುಂದಿನ ವರ್ಷ ಬೇಸಿಗೆಯಲ್ಲಿ ಅಕ್ಕಿ ಹೇರಿದ ಎರಡು ಲಾರಿ ಒಟ್ಟಿಗೆ ಘಟ್ಟ ಇಳಿದವು, ಮುಂದೆ ನಾಗು, ಹಿಂದೆ ಚೌಡ. ಒಂದು ತಿರುವಿನಲ್ಲಿ ಚೌಡನ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ಮುಂದಿನ ತಿರುವಿನಲ್ಲಿ ನಾಗುವಿನ ಲಾರಿ ಗುಡ್ಡದ ಬದಿಯ ಗಟಾರಕ್ಕೆ ನುಗ್ಗಿ ಮಗ್ಗುಲಾಗಿ ಬಿದ್ದಿತ್ತು. ಬ್ರೇಕು ಕಾದು ಹಿಡಿಯದೇ ಹೋದಾಗ, ನಾಗು ಕಣಿವೆಗೆ ಹೋಗುವ ಬದಲು ಗುಡ್ಡಕ್ಕೇ ಗುದ್ದಿ ನಿಲ್ಲಿಸಿದ್ದ. ಕಾಲು ಮುರಿದಿತ್ತು. ಚೌಡ ಅವನನ್ನು ಎತ್ತಿ ತನ್ನ ಲಾರಿಯಲ್ಲಿ ಮಲಗಿಸಿಕೊಂಡು ಕುಮಟೆಯ ಆಸ್ಪತ್ರೆಗೆ ಕರೆತಂದ. ದಾರಿಯಲ್ಲಿ ನಾಗು ನರಳುತ್ತಲೇ ಕೇಳಿದ.

“ಆ ಫ್ಯಾನು ಇದ್ದಿದ್ರೆ ಬ್ರೇಕು ಹಿಡೀತಿತ್ತೇನೋ, ಅಲ್ದ ಚೌಡಣ್ಣ?”

ಚೌಡ ಗೇರು ಬದಲಿಸಿ ರಸ್ತೆ ನೋಡಿದ.

ಮರುದಿನ ಅವನು ಶಾನಭಾಗರ ಅಂಗಡಿಗೆ ಹೋಗಿ, ನಾಗುವಿನ ಲಾರಿ ರಿಪೇರಿಯಾದ ಮೇಲೆ ವಿನೋದನ ಡೈನಮೊವನ್ನು ಮತ್ತೆ ಕಟ್ಟಿಸಬೇಕು ಎಂದ. ಶಾನಭಾಗರು ಕನ್ನಡಕ ತೆಗೆದರು.

“ತಿರುಗೋದಿಲ್ಲ ಅಂತ ನೀನೇ ಹೇಳಿದ್ಯಲ್ಲ?”

“ಬ್ರೇಕ್ ಒತ್ತಿದ್ರೆ ತಿರುಗ್ತದೆ, ಶಾನಭಾಗ್ರೆ. ನಾ ಒತ್ಲಿಲ್ಲ.”

ಶಾನಭಾಗರು ಕನ್ನಡಕ ಮತ್ತೆ ಹಾಕಿಕೊಂಡರು. ಬೈಯಲಿಲ್ಲ. ಆದರೆ ಆಮೇಲೆ ಯಾವ ಹೊಸ ಡ್ರೈವರನನ್ನೂ ಅವನ ಪಕ್ಕ ಕೂರಿಸಲಿಲ್ಲ.

ವಿನೋದ ಆ ಹೊತ್ತಿಗೆ ಭಟ್ಕಳದ ಬಂದರಿನಲ್ಲಿ ಮೀನು ಲಾರಿಗಳ ಕೆಲಸ ಹಿಡಿದಿದ್ದ. ಕರೆ ಕಳಿಸಿದರೆ ಬರಲಿಲ್ಲ. ಕೊನೆಗೆ ಚೌಡನೇ ಬಸ್ಸು ಹತ್ತಿ ಹೋದ. ಐಸಿನ ನೀರು ಸುರಿಯುತ್ತಿದ್ದ ಲಾರಿಯೊಂದರ ಕೆಳಗೆ ವಿನೋದ ಮಲಗಿದ್ದ. ಸುತ್ತ ನಿಂತ ಡ್ರೈವರುಗಳು ಅವನನ್ನು ಉಸ್ತಾದ್ ಎಂದು ಕರೆಯುತ್ತಿದ್ದರು. ಕೇಳಿಕೊಳ್ಳಲೆಂದೇ ಬಂದಿದ್ದ ಚೌಡನಿಗೆ ಆ ಒಂದು ಶಬ್ದ ಕೇಳಿ ವಾಪಸು ಬಸ್‌ಸ್ಟ್ಯಾಂಡಿಗೆ ನಡೆದುಬಿಡೋಣ ಅನ್ನಿಸಿತು. ನಡೆಯಲಿಲ್ಲ. ಬಲೆಗಳ ರಾಶಿಯ ಪಕ್ಕ ಬಿಸಿಲಲ್ಲಿ ಕಾದ. ವಿನೋದ ಬೇಕೆಂದೇ ತಡಮಾಡಿದ. ಆಮೇಲೆ ಹೊರಬಂದು, ಕೈಯೊರೆಸಿಕೊಂಡು, ನಾಗುವಿನ ಕಾಲು ಹೇಗಿದೆ ಎಂದು ಕೇಳಿದ. ಚೌಡ ಹೇಳಿದ. ಮುಂದಿನ ವಾರ ಬತ್ತೆ ಎಂದ ವಿನೋದ, ಮತ್ತೆ ಲಾರಿಯ ಕೆಳಗೆ ಹೊಕ್ಕ.

ನಾಗು ಕುಂಟುತ್ತಲೇ ಕೆಲಸಕ್ಕೆ ಬಂದ. ಮತ್ತೆ ಐದಾರು ವರ್ಷ, ಶಾನಭಾಗರು ಹಳೆಯ ಲಾರಿಗಳನ್ನು ಮಾರುವ ತನಕ, ಆ ಫ್ಯಾನು ಅವನ ಲಾರಿಯಲ್ಲಿ ತಿರುಗಿತು. ಚೌಡ ತನ್ನದಕ್ಕೆ ಹಾಕಿಸಲಿಲ್ಲ. ಅಕ್ಕತಂಗಿಯರ ಮನೆಗಳ ನಡುವೆ ಹೋಗಿ ಬರುವುದು ಮತ್ತೆ ಶುರುವಾಯಿತು. ವಿನೋದ ಬಂದರೆ ಚೌಡ ಜಗಲಿಯಲ್ಲೇ ಕೂತಿರುತ್ತಿದ್ದ, ಮಾತು ಕಡಿಮೆ. ಕತಗಾಲದಲ್ಲಿ ಹೊಸಬರು ಯಾರಾದರೂ ನಾಗುವಿನ ಲಾರಿಯ ಕೆಳಗೆ ಬಗ್ಗಿದಾಗ ಅವನಿಗೆ ಆಗಲೂ ಚಾ ರುಚಿಸುತ್ತಿರಲಿಲ್ಲ. ಇದು ಯಾರು ಮಾಡಿದ್ದು ಎಂದು ಅವರು ಕೇಳಿದರೆ, ನನ್ನ ಷಡ್ಡಕ ಎಂದು ಹೇಳಿ, ಅತ್ತ ಮುಖ ತಿರುಗಿಸಿ ಲೋಟ ಬರಿದು ಮಾಡುತ್ತಿದ್ದ.