ಕನ್ನಡಿ ಮೇಸ್ತ್ರಿಯ ಹೆಂಡತಿ ಮಾಡಿದ ಒರಟು ಚಿತ್ರ

ನಮ್ಮ ಅತ್ತೆ ಚಿತ್ರ ಮಾಡುತ್ತಾರೆ ಎಂದರೆ ಜನ ಮೊದಲು ಕೇಳುವುದು, "ಏನು ಬರೀತಾರೆ, ಹೂವಾ, ಹಕ್ಕೀನಾ?" ಎಂದು. ಎರಡೂ ಅಲ್ಲ. ಅವರ ಚಿತ್ರದಲ್ಲಿ ಮರವಿಲ್ಲ, ಮನೆಯಿಲ್ಲ, ಮನುಷ್ಯರಿಲ್ಲ. ಉಬ್ಬು ಇದೆ, ತಗ್ಗು ಇದೆ, ಗೀರು ಇದೆ, ಅದರ ಮೇಲೆ ಬಣ್ಣ ಇದೆ. ನೋಡಲು ಬಂದವರು ತಲೆ ಕೆರೆದುಕೊಂಡು, ಇದು ಸಮುದ್ರವೋ ಬೆಟ್ಟವೋ ಎಂದು ಅಂದಾಜು ಹಾಕುತ್ತಾರೆ. ಅತ್ತೆ ಅವರ ಮುಖ ನೋಡಿ ನಗುತ್ತಾ, "ನೋಡಿದ್ದು ಸಾಕು, ಮುಟ್ಟಿ" ಎನ್ನುತ್ತಾರೆ.

ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅಂತ ಗಾದೆಯೇನೋ ಇದೆ. ನಮ್ಮ ಮನೆಯಲ್ಲಿ ಸೊಸೆಯ ಕಾಲ ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಕಾಣುತ್ತಿಲ್ಲ. ನಾನು ಮದುವೆಯಾಗಿ ಬಂದಾಗ ಮನೆಯ ಹಿಂದಿನ ಬಟ್ಟೆ ಒಗೆಯುವ ಕೋಣೆ ನನ್ನ ರಾಜ್ಯವಾಗಿತ್ತು. ಈಗ ಅದು ಅತ್ತೆಯ ಸ್ಟುಡಿಯೋ. ವಾಷಿಂಗ್ ಮೆಷಿನ್ನಿನ ಮೇಲೆ ಹಲಗೆ ಹಾಕಿದರೆ ಅದೇ ಮೇಜು. ಕಿಟಕಿಯ ಕಟ್ಟೆಯ ತುಂಬ ಅಕ್ರಿಲಿಕ್ ಬಣ್ಣದ ಟ್ಯೂಬುಗಳು, ಐಸ್‌ಕ್ರೀಮ್ ಡಬ್ಬಿಯಲ್ಲಿ ನೀರು, ಬಟ್ಟೆ ಒಣಹಾಕುವ ಹಗ್ಗದ ಮೇಲೆ ಒರೆಸುವ ಚಿಂದಿಗಳು. ನಾಲ್ಕು ಬಟ್ಟೆ ಒಗೆಯಬೇಕಾದರೂ ನಾನು ಅಪ್ಪಣೆ ಕೇಳಬೇಕು. ಅಡುಗೆಮನೆಯ ಫೋರ್ಕು, ಸವೆದ ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಒಂದೊಂದಾಗಿ ಅಲ್ಲಿಗೆ ವಲಸೆ ಹೋಗಿವೆ. ಒಮ್ಮೆ ನನ್ನ ಬಾಚಣಿಗೆಗಾಗಿ ಮನೆಯೆಲ್ಲ ಜಾಲಾಡಿದರೆ ಅದು ಚಿತ್ರದಲ್ಲಿ ಉಬ್ಬು ಎಬ್ಬಿಸುವ ಬಿಳಿ ಪೇಸ್ಟು ಮೆತ್ತಿಕೊಂಡು ಅಲ್ಲಿ ಕೂತಿತ್ತು.

"ನಿನಗೆ ಇನ್ನೊಂದು ಕೊಡಿಸ್ತೀನಮ್ಮ. ಇದರ ಹಲ್ಲು ಭಾರಿ ಚೆನ್ನಾಗಿದೆ" ಎಂದರು ಅತ್ತೆ, ನಾಚಿಕೆಯಿಲ್ಲದೆ.

ಈ ಒರಟಿನ ಹುಚ್ಚು ಅವರಿಗೆ ಹಿಡಿದದ್ದು ನಿವೃತ್ತಿಯ ನಂತರ. ಅದಕ್ಕೂ ಮೊದಲು ಅವರು ಒಂದು ದೊಡ್ಡ ಹೋಟೆಲಿನ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದರು. ಹಾಸಿಗೆ ಬಟ್ಟೆ, ದಿಂಬಿನ ಚೀಲ, ಮೇಜಿನ ಬಟ್ಟೆ, ಬೆಳಗಿನಿಂದ ಸಂಜೆಯವರೆಗೆ ಅದೇ. ಒಂದು ಮೂಲೆಯಲ್ಲಿ ಒಂದು ನೆರಿಗೆ ಕಂಡರೂ ಇಡೀ ಬಟ್ಟೆ ವಾಪಸ್ಸು ಬರುತ್ತಿತ್ತು. ಆಮೇಲೆ ಮೊಣಕಾಲು ಕೈಕೊಟ್ಟಿತು, ನಿಂತು ಮಾಡುವ ಕೆಲಸ ಆಗದಾಯಿತು. ಕಾಲಿಗೆ ವ್ಯಾಯಾಮ ಮಾಡಿಸುವ ಡಾಕ್ಟರಮ್ಮನ ಹತ್ತಿರ ಹೋಗಲು ಶುರುಮಾಡಿದಾಗ, ಪಕ್ಕದ ಅಂಗಡಿಯ ಗೋಡೆಯಲ್ಲಿ ದಪ್ಪ ಬಣ್ಣ ಮೆತ್ತಿದ ಒಂದು ಚಿತ್ರ ನೋಡಿದರು. ನೋಡಿ ಸುಮ್ಮನಿರುವ ಜಾಯಮಾನ ಅವರದಲ್ಲ, ಮುಟ್ಟಿದರು. ಅಂಗಡಿಯವನು "ಅಮ್ಮಾ, ಮುಟ್ಟಬೇಡಿ" ಎಂದು ಕೂಗಿದ. ಮುಖ ಊದಿಸಿಕೊಂಡು ಮನೆಗೆ ಬಂದವರು, ಮುಟ್ಟಬಹುದಾದ ಚಿತ್ರ ನಾನೇ ಮಾಡುತ್ತೇನೆ ಎಂದು ಕೂತರು.

"ಜೀವಮಾನ ಪೂರ್ತಿ ಊರವರ ಸುಕ್ಕು ಬಿಡಿಸಿದ್ದೀನಿ. ಇನ್ನು ಮೇಲೆ ನನಗೆ ಬೇಕಾದ ಹಾಗೆ ಸುಕ್ಕು ಹಾಕ್ತೀನಿ, ಯಾರು ಕೇಳ್ತಾರೋ ನೋಡೋಣ."

ಯಾರೂ ಕೇಳಲಿಲ್ಲ. ಅದೇ ಅವರ ಕೊರಗು. ಮುಖ್ಯವಾಗಿ, ಮಾವ ಕೇಳಲಿಲ್ಲ.

ಮಾವನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಅವರದು ಗೋಡೆಗೆ ಪುಟ್ಟಿ ಹಾಕಿ ಬಣ್ಣ ಹೊಡೆಯುವ ಕೆಲಸ. ಊರಿನಲ್ಲಿ ಅವರನ್ನು ಕನ್ನಡಿ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಪುಟ್ಟಿ ಎಳೆದು, ಉಜ್ಜುವ ಕಾಗದದಿಂದ ಉಜ್ಜಿ, ಗೋಡೆಯ ಪಕ್ಕಕ್ಕೇ ಬಲ್ಬು ಹಿಡಿದು ನೋಡುತ್ತಿದ್ದರು. ಹಾಗೆ ಅಡ್ಡಡ್ಡ ಬೆಳಕು ಬಿಟ್ಟರೆ ಸಾಸಿವೆ ಕಾಳಿನಷ್ಟು ಉಬ್ಬಿದ್ದರೂ ಅದರ ನೆರಳು ಬೀಳುತ್ತದೆ. ನೆರಳು ಬಿದ್ದರೆ ಮತ್ತೆ ಉಜ್ಜು, ಗೋಡೆ ಕನ್ನಡಿಯಾಗುವವರೆಗೆ. ಕೆಲಸ ಬಿಟ್ಟು ಎಷ್ಟೋ ಕಾಲವಾದರೂ ಯಾರ ಮನೆಗೆ ಹೋದರೂ ಅವರ ಬಲಗೈ ತಾನಾಗಿ ಗೋಡೆಯ ಮೇಲೆ ಹರಿದಾಡುತ್ತದೆ. ನನ್ನನ್ನು ನೋಡಲು ಬಂದ ದಿನವೂ ನನ್ನ ಮುಖಕ್ಕಿಂತ ನಮ್ಮ ಅಪ್ಪನ ಮನೆಯ ಗೋಡೆಯನ್ನೇ ಹೆಚ್ಚು ನೋಡಿದ್ದರು.

ಇಂಥವರ ಹೆಂಡತಿ ಮನೆಯಲ್ಲಿ ಕೂತು ಬೇಕೆಂದೇ ಉಬ್ಬುತಗ್ಗು ಮಾಡುತ್ತಿದ್ದರೆ ಅವರಿಗೆ ಹೇಗಾಗಬೇಡ! ಕೆಟ್ಟ ಮಾತು ಆಡುವ ಮನುಷ್ಯ ಅಲ್ಲ. ಸ್ಟುಡಿಯೋದ ಬಾಗಿಲು ದಾಟುವಾಗ ಮುಖ ಆಚೆ ತಿರುಗಿಸುತ್ತಿದ್ದರು, ಅಷ್ಟೆ. ಪಾಪ, ಹೆಂಡತಿಗೆ ಕೈ ಕೂರುವುದಿಲ್ಲ, ಕಲಿಯುತ್ತಿದ್ದಾಳೆ ಎಂದುಕೊಂಡಿದ್ದರು. ಅತ್ತೆಯೋ ಮುಟ್ಟಿದರೆ ಮುನಿ. "ಬಂದು ನೋಡಿ" ಎಂದು ತಾವಾಗಿ ಕರೆಯುವ ಜನವಲ್ಲ. ಹೀಗೆ ಒಂದೇ ಸೂರಿನಡಿ ಇಬ್ಬರೂ ಬಿಮ್ಮನೆ ಇದ್ದರು.

ಅಷ್ಟರಲ್ಲಿ ಡಾಕ್ಟರಮ್ಮನಿಗೆ ವಿಷಯ ಗೊತ್ತಾಯಿತು. ಅತ್ತೆಯ ಉಗುರಿನ ಸಂದಿಯಲ್ಲಿ ನೀಲಿ ಬಣ್ಣ ನೋಡಿ ಬಾಯಿ ಬಿಡಿಸಿದರಂತೆ. ಒಂದು ಚಿತ್ರ ತರಿಸಿಕೊಂಡು ಬೆರಳಾಡಿಸಿ ನೋಡಿ, "ಅಮ್ಮ, ನನಗೊಂದು ಮಾಡಿಕೊಡಿ. ಲಕ್ವ ಹೊಡೆದು ಬೆರಳು ಮರಗಟ್ಟಿದವರು ನನ್ನ ಹತ್ತಿರ ಬರ್ತಾರೆ. ಅವರಿಗೆ ಸ್ಪರ್ಶ ಮತ್ತೆ ಕಲಿಸಬೇಕು. ಹೊಸ ಕೋಣೆ ಸೋಮವಾರ ತೆರೀತೀವಿ, ಗೋಡೆಗೆ ಇದನ್ನೇ ಹಾಕ್ತೀನಿ" ಎಂದರು.

ಆ ದಿನ ಅತ್ತೆ ಮನೆಗೆ ಬಂದದ್ದು ನಡೆದುಕೊಂಡೋ ಹಾರಿಕೊಂಡೋ ಹೇಳುವುದು ಕಷ್ಟ. ಅವರ ಕೈಯ ಕೆಲಸ ಮೊದಲ ಸಲ ಇನ್ನೊಬ್ಬರ ಗೋಡೆ ಸೇರುವುದಿತ್ತು. ದೊಡ್ಡ ಕ್ಯಾನ್ವಾಸ್ ತರಿಸಿ ಅದನ್ನು ಮೂರು ಭಾಗ ಮಾಡಿದರು. ಎಡಕ್ಕೆ ಗದ್ದೆಯ ಬದುವಿನ ಹಾಗೆ ಎದ್ದು ನಿಂತ, ಬೆರಳಿನಷ್ಟು ಅಗಲದ ದಪ್ಪ ಏಣುಗಳು, ನಡುವೆ ಬಾಚಣಿಗೆ ಎಳೆದ ಗೀರುಗಳು, ಬಲಕ್ಕೆ ಪೇಸ್ಟಿನಲ್ಲಿ ಮರಳು ಕಲಸಿದ ಸಣ್ಣ ತರಿ. ಮರಗಟ್ಟಿದ ಬೆರಳು ದಪ್ಪದಿಂದ ಶುರುಮಾಡಿ ಸಣ್ಣದರ ಕಡೆಗೆ ಹೋಗಬೇಕು ಎಂಬುದು ಲೆಕ್ಕಾಚಾರ. ಪೇಸ್ಟನ್ನು ಬೆಣ್ಣೆಯ ಹಾಗೆ ಹರಡಿ, ಚಾಕುವಿನ ಚಪ್ಪಟೆ ಮೈಯಿಂದ ಒತ್ತಿ ಸರಕ್ಕನೆ ಎತ್ತಿದರೆ ಏಣು ಏಳುತ್ತದೆ. ಆಮೇಲೆ ಕಣ್ಣು ಮುಚ್ಚಿ, ಕೈಗೆ ದಪ್ಪ ಗ್ಲೌಸು ಹಾಕಿ, ತಿಳಿಯುತ್ತದೆಯೇ ಎಂದು ಮುಟ್ಟಿ ನೋಡುತ್ತಿದ್ದರು. ನನ್ನ ಕಣ್ಣಿಗೂ ಬಟ್ಟೆ ಕಟ್ಟಿ ಮುಟ್ಟಿಸಿದರು. ಮೈ ಜುಮ್ಮೆಂದಿತು, ಸುಳ್ಳು ಹೇಳಲಾರೆ.

ಶುಕ್ರವಾರ ಊಟಕ್ಕೆ ಕೂತಾಗ ಅತ್ತೆ ತೋಳು ನೀವಿಕೊಳ್ಳುತ್ತಾ, "ಅಬ್ಬಾ, ಇನ್ನೂ ಮುಗಿದಿಲ್ಲ. ತೋಳು ಬಿದ್ದೇಹೋಯ್ತು. ಸೋಮವಾರಕ್ಕೆ ಹೇಗೆ ಕೊಡ್ತೀನೋ" ಎಂದರು. ಅವರ ಮನಸ್ಸಿನಲ್ಲಿದ್ದದ್ದು ಬಣ್ಣ ಹಚ್ಚುವ ಕೆಲಸ. ಮಾವ ತಲೆಯೆತ್ತಿ ಹೆಂಡತಿಯ ತೋಳು ನೋಡಿದರು.

ಶನಿವಾರ ನಾನೂ ಅತ್ತೆಯೂ ಡಾಕ್ಟರಮ್ಮನ ಹೊಸ ಕೋಣೆಯ ಗೋಡೆ ಅಳೆಯಲು ಹೋದೆವು. ಗಾಲಿಕುರ್ಚಿಯಲ್ಲಿ ಕೂತವರ ಕೈಗೂ ಎಟುಕಬೇಕಲ್ಲ, ಎಷ್ಟು ಎತ್ತರಕ್ಕೆ ಹಾಕಬೇಕೆಂದು ನೋಡಿಕೊಂಡು ಬರುವಷ್ಟರಲ್ಲಿ ಮಧ್ಯಾಹ್ನ ಇಳಿದಿತ್ತು. ಬಾಗಿಲಲ್ಲೇ ಮಾವ ನಿಂತಿದ್ದರು. ಎಂದೋ ಮಡಿಸಿಟ್ಟ ಕೆಲಸದ ಅಂಗಿ ಹಾಕಿದ್ದರು. ಹುಬ್ಬು, ಮೀಸೆ, ಕಿವಿ, ಎಲ್ಲ ಬೆಳ್ಳಗೆ ಧೂಳು. ಮುಖ ಮಾತ್ರ ಅರಳಿ ಮೊರದಗಲವಾಗಿತ್ತು.

"ಇವಳೇ, ಬಾ ಇಲ್ಲಿ. ಎಲ್ಲಾ ಮುಗಿಸಿಟ್ಟಿದ್ದೀನಿ. ಇನ್ನು ನೀನು ಬಣ್ಣ ಹೊಡಿ, ಸಾಕು."

ಕ್ಯಾನ್ವಾಸು ಜೋಲದಿರಲೆಂದು ಹಿಂದೆ ಹಲಗೆ ಕೊಟ್ಟು, ಮೊದಲು ದಪ್ಪ ತರಿಯ ಉಜ್ಜುವ ಕಾಗದ, ಆಮೇಲೆ ಸಣ್ಣ ತರಿಯದು ಹಿಡಿದು, ಊಟ ಕೂಡ ಬಿಟ್ಟು ಉಜ್ಜಿದ್ದರು. ತಗ್ಗಿದ್ದಲ್ಲೆಲ್ಲ ಪುಟ್ಟಿ ತುಂಬಿದ್ದರು. ಏಣೂ ಇಲ್ಲ, ಗೀರೂ ಇಲ್ಲ, ತರಿಯೂ ಇಲ್ಲ. ಬಲ್ಬನ್ನು ಪಕ್ಕಕ್ಕೆ ಹಿಡಿದು, "ಒಂದೇ ಒಂದು ನೆರಳು ತೋರಿಸು ನೋಡೋಣ!" ಎಂದರು.

ಒಂದು ನೆರಳೂ ಇರಲಿಲ್ಲ.

ಅತ್ತೆ ಅದನ್ನು ನೋಡುತ್ತಾ ನಿಂತರು. ಮನೆ ಹಾರಿಹೋಗುವಂತೆ ಕೂಗಾಡುತ್ತಾರೆ ಎಂದುಕೊಂಡಿದ್ದೆ. ಅವರು ಮುಂದೆ ಹೋಗಿ ಅಂಗೈಯನ್ನು ಈ ಕಡೆಯಿಂದ ಆ ಕಡೆಗೆ ನಿಧಾನವಾಗಿ ಆಡಿಸಿದರು.

"ನಯವಾಗಿದೆ" ಎಂದರು. ಹೇಳಿ ಅಡುಗೆಮನೆಗೆ ಹೋದರು.

ನಾನು ಹಿಂದೆಯೇ ಓಡಿದೆ. ಒಲೆಯ ಮೇಲೆ ಚಹಾದ ಪಾತ್ರೆ ಇಟ್ಟು ಅದಕ್ಕೆ ನೀರು ಹಾಕುವುದನ್ನೇ ಮರೆತು ನಿಂತಿದ್ದರು.

"ಅವರ ಮೇಲೆ ಸಿಟ್ಟಿಲ್ಲಮ್ಮ. ಪ್ರೀತಿಯಿಂದಲೇ ಮಾಡಿದ್ದಾರೆ, ಅಷ್ಟೂ ಗೊತ್ತಾಗಲ್ವಾ ನನಗೆ? ಆದರೆ ಇಷ್ಟು ದಿನ ಪಕ್ಕದಲ್ಲೇ ಇದ್ದು, ನೀನು ಏನು ಮಾಡ್ತಿದ್ದೀಯ ಅಂತ ಒಂದು ಸಲ ಕೇಳಲಿಲ್ಲವಲ್ಲ. ಅದು ಮನಸ್ಸಿಗೆ ನಾಟಿದೆ." ಕಣ್ಣೊರೆಸಿಕೊಂಡರು. "ನಾಳೆ ಡಾಕ್ಟರಮ್ಮನಿಗೆ ಫೋನ್ ಮಾಡಿ ಆಗಲ್ಲ ಅಂತೀನಿ. ಹಿಂದಿನ ಕೋಣೆಯಲ್ಲಿ ನೀನು ಬಟ್ಟೆ ಒಗೆದುಕೋ. ನನಗಿನ್ನು ಸಾಕು."

ಆ ಕೋಣೆ ವಾಪಸ್ಸು ಬೇಕೆಂದು ನಾನು ಎಷ್ಟು ಸಲ ಗೊಣಗಿಲ್ಲ! ಆಗ ಮಾತ್ರ ಅದು ಬೇಡವೇ ಬೇಡ ಎನಿಸಿತು. ನೆಟ್ಟಗೆ ಮಾವನ ಹತ್ತಿರ ಹೋಗಿ, ಸೊಸೆ ಎನ್ನುವುದನ್ನೂ ಮರೆತು ಜೋರು ಮಾಡಿದೆ.

"ಅದು ಒರಟಾಗೇ ಇರಬೇಕಿತ್ತು ಮಾವ! ಬೆರಳು ಮರಗಟ್ಟಿದವರು ಮುಟ್ಟಿ ಮುಟ್ಟಿ ಸರಿಮಾಡ್ಕೊಳ್ಳೋಕೆ ಅಂತ ಮಾಡಿದ್ದು. ಒಂದೊಂದು ಏಣನ್ನೂ ಲೆಕ್ಕ ಹಾಕಿ ಎಬ್ಬಿಸಿದ್ರು."

"ಬೇಕಂತ ಮಾಡಿದ್ದಾ?" ಎಂದರು ಮಾವ. "ಅಷ್ಟೂ?"

"ಅಷ್ಟೂ."

ಬಲ್ಬು ಆರಿಸಿ, ಬಣ್ಣದ ಡಬ್ಬಿಯೊಂದನ್ನು ಮಗುಚಿ ಅದರ ಮೇಲೆ ಕೂತರು. ಮೀಸೆಯ ಧೂಳು ಕೂಡ ಕೊಡವಿಕೊಳ್ಳಲಿಲ್ಲ.

ಭಾನುವಾರ ಬೆಳಿಗ್ಗೆ ಸ್ಟುಡಿಯೋದಲ್ಲಿ ಕೆರೆಯುವ ಸದ್ದು. ಹೋಗಿ ನೋಡಿದರೆ ಮಾವ ಉಳಿದ ಪೇಸ್ಟನ್ನೆಲ್ಲ ಕ್ಯಾನ್ವಾಸಿನ ಮೇಲೆ ಸುರಿದುಕೊಂಡು, ಅತ್ತೆಯ ಚಾಕು ಹಿಡಿದು ಒದ್ದಾಡುತ್ತಿದ್ದರು. ಏಣು ಎಬ್ಬಿಸಲು ಒತ್ತುತ್ತಾರೆ, ಎತ್ತುವ ಬದಲು ಕೈ ಸರ್ರನೆ ಎಳೆದುಬಿಡುತ್ತದೆ. ಪೇಸ್ಟು ಮತ್ತೆ ಕನ್ನಡಿ! ಬೈದುಕೊಂಡು ಕೆರೆದು ತೆಗೆಯುತ್ತಾರೆ, ಮತ್ತೆ ಹಚ್ಚುತ್ತಾರೆ, ಮತ್ತೆ ಕನ್ನಡಿ.

"ನೋಡಮ್ಮ, ಈ ಮುಂಡೇದು ನನ್ನ ಮಾತೇ ಕೇಳ್ತಿಲ್ಲ" ಎಂದರು ಬಲಗೈ ಎತ್ತಿ ತೋರಿಸಿ. ಅಳುವುದೊಂದು ಬಾಕಿ. ಆಮೇಲೆ ಏನು ಹೊಳೆಯಿತೋ, ಬಲಗೈಯನ್ನು ಬೆನ್ನ ಹಿಂದೆ ಒಯ್ದು ಸೊಂಟದ ಪಟ್ಟಿಗೆ ಸಿಕ್ಕಿಸಿಕೊಂಡರು. ಚಾಕು ಎಡಗೈಗೆ ಬಂತು. ಆ ಕೈ ಒಂದು ದಿನವೂ ಗೋಡೆ ಮಟ್ಟ ಮಾಡಿದ್ದಲ್ಲ, ಹೆಚ್ಚೆಂದರೆ ಏಣಿ ಹಿಡಿದುಕೊಂಡಿತ್ತು. ಅದು ಒತ್ತಿತು, ತಡವರಿಸಿತು, ಎತ್ತಿತು. ಒಂದು ಸೊಟ್ಟ ಏಣು ಎದ್ದು ನಿಂತಿತು. ಪಕ್ಕಕ್ಕೆ ಇನ್ನೊಂದು. ಮಾವ ಅದನ್ನು ಅಸಹ್ಯವೂ ಆಶ್ಚರ್ಯವೂ ಬೆರೆತ ಮುಖದಲ್ಲಿ ನೋಡಿದರು.

ಅತ್ತೆ ಯಾವಾಗ ಬಂದು ಬಾಗಿಲಲ್ಲಿ ನಿಂತರೋ ನನಗೂ ತಿಳಿಯಲಿಲ್ಲ.

ಮಾವ ತಿರುಗಿ ನೋಡಿದರು. "ಲೇ, ಇದು ಎಷ್ಟು ಎತ್ತರ ಬೇಕು? ಈ ಎರಡರ ಮಧ್ಯೆ ಎಷ್ಟು ಜಾಗ ಬಿಡಲಿ? ಇಲ್ಲಿ ಬಾಚಣಿಗೆ ಎಳೆದಿದ್ದೆಯಲ್ಲ, ಅದು ಯಾಕೆ?"

ಅತ್ತೆ ಸೆರಗು ಸಿಕ್ಕಿಸಿಕೊಂಡು ಒಳಗೆ ಬಂದು, ಒಂದೊಂದನ್ನೂ ವಿವರಿಸಲು ಶುರುಮಾಡಿದರು ನೋಡಿ, ಇಷ್ಟು ದಿನದ ಮಾತೆಲ್ಲ ಒಟ್ಟಿಗೆ ಬಂತು. ನಡುನಡುವೆ ಬೈಗುಳವೂ ಇತ್ತು. "ಎಳೀಬೇಡಿ, ಎತ್ತಿ! ಅಯ್ಯೋ, ಇಷ್ಟು ವರ್ಷ ಏನು ಕೆಲಸ ಮಾಡಿದ್ರೋ ನೀವು!" ಕನ್ನಡಿ ಮೇಸ್ತ್ರಿ ಕಲಿಯುವ ಹುಡುಗನ ಹಾಗೆ ತಲೆಯಾಡಿಸಿದರು. ಏಣುಗಳು ಮಾವನ ಎಡಗೈಯವು, ಗೀರೂ ತರಿಯೂ ಅತ್ತೆಯವು.

ಸಂಜೆಯೇ ಅತ್ತೆ ಬಣ್ಣ ಹಚ್ಚಿದರು, ಸೋಮವಾರ ಚಿತ್ರ ಡಾಕ್ಟರಮ್ಮನ ಗೋಡೆ ಸೇರಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಿಮಗೆ ಅದೇ ಚಿಂತೆ. ನಾನು ಹೇಳಬೇಕೆಂದು ಹೊರಟದ್ದು ಆ ಭಾನುವಾರ ಮಧ್ಯಾಹ್ನದ ಮಾತು.

ಪೇಸ್ಟು ಒಣಗುವವರೆಗೆ ಕಾಯದೆ ಬೇರೆ ದಾರಿಯಿರಲಿಲ್ಲ. ಫ್ಯಾನು ಹಾಕಿದರೆ ಬಿರುಕು ಬಿಡುತ್ತದೆ. ಇಬ್ಬರೂ ಅದರ ಮುಂದೆ ಕೂತರು, ಸೆಖೆಯಲ್ಲಿ ಬೆವರುತ್ತಾ. ಸೊಂಟದ ಪಟ್ಟಿಯಿಂದ ಬಿಡುಗಡೆಯಾದ ಮಾವನ ಬಲಗೈ ತೊಡೆಯ ಮೇಲೆ ಸುಮ್ಮನಿತ್ತು. ನೋಡನೋಡುತ್ತಲೇ ಅದು ಮೆಲ್ಲಗೆ ಎದ್ದು, ಎಲ್ಲಕ್ಕಿಂತ ಸೊಟ್ಟಗಿದ್ದ ಏಣಿನ ಕಡೆಗೆ ಹೊರಟಿತು. ಮಾವನಿಗೆ ಗೊತ್ತೇ ಇರಲಿಲ್ಲ. ಅತ್ತೆ ಪಟಕ್ಕನೆ ಅದನ್ನು ಹಿಡಿದುಕೊಂಡರು.

"ಈ ಕೈ ಮೇಲೆ ನನಗೆ ನಂಬಿಕೆಯಿಲ್ಲ" ಎಂದು ಅದನ್ನು ತಮ್ಮ ಎರಡೂ ಕೈಗಳ ನಡುವೆ ಇಟ್ಟುಕೊಂಡು ಕೂತರು. ಮದುವೆಯಾಗಿ ಮಗನನ್ನು ಬೆಳೆಸಿ ಸೊಸೆ ತಂದ ಈ ಇಬ್ಬರು ನನ್ನೆದುರು ಒಂದು ದಿನವೂ ಹೀಗೆ ಕೂತವರಲ್ಲ. ನಾನು ಚಹಾ ತಂದೆ. ಮಾವ ಎಡಗೈಯಲ್ಲಿ ಕುಡಿದು ಅಂಗಿಯ ಮೇಲೆ ಚೆಲ್ಲಿಕೊಂಡರು. ಬಲಗೈ ಕೇಳಲಿಲ್ಲ, ಅತ್ತೆ ಕೊಡಲೂ ಇಲ್ಲ.

ಬಿಸಿಲು ಕಿಟಕಿಯಿಂದ ಸರಿದ ಮೇಲೆ ಅತ್ತೆ ನನ್ನನ್ನು ಕರೆದರು. "ಒಣಗಿದೆಯಾ ಸ್ವಲ್ಪ ನೋಡಮ್ಮ."

ಅಂಚಿನ ಒಂದು ಏಣನ್ನು ಉಗುರಿನಿಂದ ಒತ್ತಿ ನೋಡಿದೆ. ಕಲ್ಲಿನಷ್ಟು ಗಟ್ಟಿಯಾಗಿತ್ತು.

"ಇನ್ನೂ ಹಸಿ ಇದೆ ಅತ್ತೆ" ಎಂದೆ. "ಕೈ ಬಿಡಬೇಡಿ."