ಟ್ವೈಲಾಳ ಬೆನ್ನಿಗೆ ನಾಲ್ಕು ಬೆಲೆ

ಟ್ವೈಲಾ ಕುಬಿಚೆಕ್ ಮೂವತ್ತೊಂದು ವರ್ಷ ನಾಯಿಗಳಿಗೆ ಸ್ನಾನ ಮಾಡಿಸಿದವಳು. ವಿಲ್ಬರ್ ಊರಿನಲ್ಲಿ ಅವಳ ಕೈಯಲ್ಲಿ ಉಗುರು ಕತ್ತರಿಸಿಕೊಳ್ಳದ ನಾಯಿ ಇಲ್ಲ. ಅವಳನ್ನು ಒಮ್ಮೆಯಾದರೂ ಕಚ್ಚದ ನಾಯಿಯೂ ಅಪರೂಪವೇ. ಅಂಗಡಿಯ ಗೋಡೆಯ ಮೇಲೆ ಅವಳದೇ ಕೈಬರಹದ ದರಪಟ್ಟಿ ಇತ್ತು. ಸಣ್ಣ ನಾಯಿಗೆ ನಲವತ್ತು ಡಾಲರ್, ದೊಡ್ಡದಕ್ಕೆ ಅರವತ್ತೈದು, ಕಚ್ಚಿದರೆ ಹತ್ತು ಜಾಸ್ತಿ. ಬ್ಯಾಂಕ್ ಮ್ಯಾನೇಜರರ ನಾಯಿಗೂ ಅದೇ ದರ, ಪಾದ್ರಿಗಳ ನಾಯಿಗೂ ಅದೇ ದರ. ಐವತ್ತೆಂಟು ತುಂಬುವವರೆಗೆ ಬೆಲೆ ಎಂದರೇನು ಎಂಬ ವಿಷಯದಲ್ಲಿ ಅವಳಿಗೆ ಯಾವ ಗೊಂದಲವೂ ಇರಲಿಲ್ಲ.

ಗೊಂದಲ ಶುರುವಾದದ್ದು ಬೆನ್ನಿನಿಂದ. ತೊಟ್ಟಿಯ ಮೇಲೆ ಬಗ್ಗಿ ಬಗ್ಗಿ ಸೊಂಟದ ಹತ್ತಿರದ ಮೂಳೆಯೊಂದು ಜರುಗಿ ನರವನ್ನು ಒತ್ತುತ್ತಿತ್ತು. ಬಲಪಾದ ಮರಗಟ್ಟಿತು. ಮೇ ತಿಂಗಳಲ್ಲೊಂದು ದಿನ ತನ್ನ ಪಾದಕ್ಕೆ ತಾನೇ ಎಡವಿ, ಸೋಪು ಹಚ್ಚಿಸಿಕೊಂಡು ನಿಂತಿದ್ದ ನಾಯಿಯ ಮೇಲೆಯೇ ಬಿದ್ದಳು. ಲಿಂಕನ್ ನಗರದ ಡಾಕ್ಟರು ಸ್ಕ್ಯಾನ್ ನೋಡಿ, "ಮೂರು ತಿಂಗಳೊಳಗೆ ಆಪರೇಷನ್ ಆಗ್ಬೇಕು. ತಡ ಮಾಡಿದ್ರೆ ಈ ಪಾದ ನಿಮ್ಮ ಕೈಗೆ ವಾಪಸ್ ಸಿಗಲ್ಲ" ಎಂದರು. ಪಾದ ಕೈಗೆ ಯಾಕೆ ಸಿಗಬೇಕು ಎಂದು ಕೇಳುವ ಮನಸ್ಸಾಯಿತು, ಆದರೆ ನಗು ಬರಲಿಲ್ಲ.

ಅವಳಿಗೆ ಇನ್ಶೂರೆನ್ಸ್ ಇರಲಿಲ್ಲ. ತಿಂಗಳ ಕಂತು ಮನೆ ಬಾಡಿಗೆಯನ್ನು ಮೀರಿಸಿದ ವರ್ಷ ಅದನ್ನು ಕೈಬಿಟ್ಟಿದ್ದಳು. ಹೊಸದಾಗಿ ಸೇರಲು ನವೆಂಬರ್‌ವರೆಗೆ ಬಾಗಿಲು ತೆರೆಯದು. ಪಾದ ಅಲ್ಲಿಯವರೆಗೆ ಕಾಯದು. ಆಸ್ಪತ್ರೆಯವರು ಕಳಿಸಿದ ಕಾಗದದಲ್ಲಿ ಎರಡು ಸಂಖ್ಯೆಗಳಿದ್ದವು. ಪೂರ್ತಿ ಬೆಲೆ ಒಂದು ಲಕ್ಷದ ಮೂವತ್ತಾರು ಸಾವಿರದ ನಾನೂರು ಡಾಲರ್. ಇನ್ಶೂರೆನ್ಸ್ ಇಲ್ಲದವರು ಮುಂಗಡವಾಗಿ ನಗದು ಕೊಟ್ಟರೆ ನಲವತ್ತೇಳು ಸಾವಿರ. ಟ್ವೈಲಾ ಕಾಗದವನ್ನು ತಿರುಗಿಸಿ ಹಿಂಬದಿಯನ್ನೂ ನೋಡಿದಳು. ತಲೆಬುಡ ಅರ್ಥವಾಗದೆ ಫೋನ್ ಮಾಡಿದಳು. ಲೆಕ್ಕದ ವಿಭಾಗದ ಯೆಸೆನಿಯಾ ಎಂಬ ಹುಡುಗಿ ಎತ್ತಿಕೊಂಡಳು.

"ಈ ಪೂರ್ತಿ ಬೆಲೆ ಯಾರು ಕೊಡ್ತಾರಮ್ಮ?"

"ಯಾರೂ ಕೊಡಲ್ಲ ಮೇಡಂ."

"ಮತ್ತೆ ಬರೆದಿರೋದು ಯಾಕೆ?"

"ಬೆಲೆ ಅಂತ ಒಂದು ಇರ್ಬೇಕಲ್ಲ ಮೇಡಂ, ಕಮ್ಮಿ ಮಾಡೋಕೆ."

ಈ ಮಾತನ್ನು ಅವಳು ಎಲ್ಡನ್ ಪೊಸ್ಪಿಶಿಲ್‌ಗೆ ಹೇಳಿದಳು. ಎಲ್ಡನ್ ರೈಲು ಹಳಿ ರಿಪೇರಿಯವನು, ಅರವತ್ತರ ಹೊಸ್ತಿಲಲ್ಲಿರುವ ಬ್ರಹ್ಮಚಾರಿ. ಹದಿಮೂರು ವರ್ಷ ಪ್ರತಿ ಗುರುವಾರ ತನ್ನ ಬೀಗಲ್ ನಾಯಿಯನ್ನು ಕರೆತರುತ್ತಿದ್ದ. ನಾಯಿ ಸತ್ತು ವರ್ಷವಾಗಿತ್ತು, ಆದರೂ ಗುರುವಾರ ತಪ್ಪಿಸಿರಲಿಲ್ಲ. ಜರ್ದಾಳು ತುಂಬಿದ ಕೊಲಾಚೆ ಬನ್ನುಗಳನ್ನು ತಂದು, ಒಂದು ಗಂಟೆ ಕೂತು, ಹತ್ತು ಮಾತಾಡಿ ಹೋಗುತ್ತಿದ್ದ. ಟ್ವೈಲಾಗೆ ಅವನೆಂದರೆ ಇಷ್ಟ. ಅವನಿಗೂ ಹಾಗೆಯೇ ಇದ್ದರೆ ಬಾಯಿ ಬಿಟ್ಟು ಹೇಳಲಿ ಎಂದು ಕಾದು ಕಾದು ಅವಳು ಬೇಸತ್ತಿದ್ದಳು.

ಆ ಗುರುವಾರ ಅವನು ಬಾಯಿ ಬಿಟ್ಟ.

"ನನ್ನ ರೈಲ್ವೆ ಇನ್ಶೂರೆನ್ಸ್ ಹೆಂಡ್ತಿಗೂ ಸಿಗುತ್ತೆ. ಆಫೀಸಲ್ಲಿ ಕೇಳ್ದೆ. ನೀನು ಕಟ್ಬೇಕಾಗೋದು ನಾಲ್ಕು ಸಾವಿರದ ಇನ್ನೂರು, ಅಷ್ಟೇ."

"ನಾನು ನಿನ್ನ ಹೆಂಡ್ತಿ ಅಲ್ವಲ್ಲೋ."

"ಅದೇ. ಮದುವೆ ಆದ್ರೆ ನವೆಂಬರ್ ತನಕ ಕಾಯೋದು ಬೇಡ್ವಂತೆ. ಅದಕ್ಕೆ 'ಜೀವನದ ಘಟನೆ' ಅಂತಾರೆ. ಮದುವೆ, ಮಗು, ಸಾವು, ಎಲ್ಲಾ ಒಂದೇ ಫಾರಂನಲ್ಲಿ ಬರುತ್ತೆ."

ಟ್ವೈಲಾ ಕಣ್ಣು ಕಣ್ಣು ಬಿಟ್ಟಳು. "ನೀನು ನನ್ನನ್ನ ಮದುವೆ ಆಗು ಅಂತ ಕೇಳ್ತಿದ್ದೀಯೋ, ಫಾರಂ ತುಂಬ್ತಿದ್ದೀಯೋ?"

"ಎರಡೂ ಅನ್ಕೋ" ಎಂದವನೇ ಎಲ್ಡನ್ ಬಾಯಿಗೆ ಇಡೀ ಬನ್ನು ತುರುಕಿಕೊಂಡ. ಗಂಡಸರಿಗೆ ಬಾಯಿ ತುಂಬಿಕೊಳ್ಳಲು ಎಂಥ ಹೊತ್ತು ಸಿಗುತ್ತದೆ ನೋಡಿ.

ಅವಳು ಹೂಂ ಎಂದಳು, ಪಾದ ಬೇಕಿತ್ತಲ್ಲ. ಆದರೆ ಒಳಗೊಳಗೇ ಕುದಿದಳು. ಇವನು ಕರುಣೆಯಿಂದ ಕೇಳಿದನೋ, ಪ್ರೀತಿಯಿಂದಲೋ? ಹದಿನಾಲ್ಕು ವರ್ಷ ಕಾಣದ ಟ್ವೈಲಾ ಮೂಳೆ ಜರುಗಿದ ಮೇಲೆ ಕಂಡಳೇ? ಕೇಳೋಣವೆಂದರೆ, ಬರೀ ಕರುಣೆ ಎಂದುಬಿಟ್ಟರೆ ಏನು ಗತಿ ಎಂದು ಹೆದರಿಕೆ. ಮುಂದಿನ ವಾರದ ಶುಕ್ರವಾರ ಹನ್ನೊಂದಕ್ಕೆ ಕೋರ್ಟಿನಲ್ಲಿ ಮದುವೆ ಎಂದು ನಿಶ್ಚಯವಾಯಿತು.

ಅದಕ್ಕೂ ಮುಂಚಿನ ಮಂಗಳವಾರ ಇಬ್ಬರೂ ಕಾಗದಪತ್ರ ಹಿಡಿದು ಲಿಂಕನ್ನಿನ ಆಸ್ಪತ್ರೆಗೆ ಹೋದರು. ಯೆಸೆನಿಯಾ ಟ್ವೈಲಾಳ ಆದಾಯದ ಕಾಗದ ನೋಡಿ ತಲೆ ಎತ್ತಿದಳು.

"ವರ್ಷಕ್ಕೆ ಇಪ್ಪತ್ತನಾಲ್ಕು ಸಾವಿರನಾ? ಮತ್ತೆ ನಮ್ಮ ಸಹಾಯನಿಧಿಗೆ ಯಾಕೆ ಅರ್ಜಿ ಹಾಕಿಲ್ಲ ಮೇಡಂ?"

"ಯಾವ ಸಹಾಯನಿಧಿ?"

"ಇನ್ಶೂರೆನ್ಸ್ ಇಲ್ಲ, ಒಬ್ರೇ ಇದ್ದೀರಿ, ಆದಾಯ ಇಷ್ಟೇ. ನಿಮಗೆ ಪೂರ್ತಿ ಮಾಫಿ. ಸೊನ್ನೆ."

"ಇಷ್ಟು ದಿನ ಯಾರೂ ಹೇಳ್ಲಿಲ್ವಲ್ಲೇ ತಾಯಿ!"

"ನೀವು ಕೇಳ್ಲಿಲ್ಲ. ಬೆಲೆ ಕೇಳಿದ್ರಿ, ಬೆಲೆ ಹೇಳ್ದೆ."

"ಶುಕ್ರವಾರ ನಮ್ಮ ಮದುವೆ" ಎಂದ ಎಲ್ಡನ್.

"ಅಯ್ಯೋ, ಹಾಗಾದ್ರೆ ಸಿಗಲ್ಲ. ನಿಮ್ಮ ಸಂಬಳ ಸೇರಿಬಿಡುತ್ತೆ. ಆಪರೇಷನ್ ದಿನ ಮನೆಯಲ್ಲಿ ಯಾರಿದ್ದಾರೆ, ಎಷ್ಟು ದುಡೀತಾರೆ, ಅದಷ್ಟೇ ನಮಗೆ ಲೆಕ್ಕ. ಮದುವೆಯಾದ್ರೆ ನಾಲ್ಕು ಸಾವಿರದ ಇನ್ನೂರು. ಆಗದಿದ್ರೆ ಸೊನ್ನೆ."

ಒಂದೇ ಬೆನ್ನು, ನಾಲ್ಕು ಬೆಲೆ. ಟ್ವೈಲಾ ಕುಣಿದಾಡಬೇಕಿತ್ತು. ಬದಲಿಗೆ ಎಲ್ಡನ್ ಕಡೆ ನೋಡಿದಳು. ಎಲ್ಡನ್ ಟೋಪಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲ ನೋಡುತ್ತಾ, "ಒಳ್ಳೇದೇ ಆಯ್ತಲ್ಲ" ಎಂದ. ಅವನ ಕಿವಿಗಳು ಕೆಂಪಾಗಿದ್ದವು. ಅವಳು ಸಹಾಯನಿಧಿಯ ಅರ್ಜಿಗೆ ಸಹಿ ಹಾಕಿದಳು.

ಹೊರಗೆ ಪಿಕಪ್ ಗಾಡಿಯಲ್ಲಿ ಕೂತರೂ ಎಲ್ಡನ್ ಎಂಜಿನ್ ಶುರು ಮಾಡಲಿಲ್ಲ.

"ಶುಕ್ರವಾರದ್ದು ಬೇಡ ಅಂತ ಕೋರ್ಟಿಗೆ ಫೋನ್ ಮಾಡ್ಬೇಕು" ಎಂದ.

"ಹೂಂ, ಮಾಡು."

"ಹೊಸ ಶರ್ಟ್ ತಗೊಂಡಿದ್ದೆ."

"ವಾಪಸ್ ಕೊಡ್ಬಹುದು."

"ತೊಳೆದುಬಿಟ್ಟೆ."

ಟ್ವೈಲಾ ಅವನ ಕಡೆ ತಿರುಗಿದಳು. ಬೆನ್ನು ಚುಳ್ ಎಂದಿತು, ಆದರೂ ತಿರುಗಿದಳು. "ಎಲ್ಡನ್, ನಿನಗೆ ಈಗ ಖುಷಿಯಾಯ್ತೋ, ಬೇಜಾರಾಯ್ತೋ? ನನಗಂತೂ ಒಂದೂ ಅರ್ಥ ಆಗ್ತಿಲ್ಲ."

ಅವನು ಸ್ಟೇರಿಂಗಿನ ಧೂಳನ್ನು ಹೆಬ್ಬೆರಳಿನಿಂದ ಒರೆಸಿದ. "ಕೇಳೋಕೆ ಹದಿನಾಲ್ಕು ವರ್ಷದಿಂದ ಒಂದು ಕಾರಣ ಹುಡುಕ್ತಿದ್ದೆ ಕಣೇ. ಸಿಕ್ಕಿತ್ತು. ಈಗ ಅದೂ ಹೋಯ್ತು."

ಅವಳಿಗೆ ಅಳು ಬಂತು. ಕಣ್ಣೊರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ.

"ಕಾರಣ ಇಲ್ದೆ ಕೇಳೋ, ದಡ್ಡ."

"ಈಗ್ಲೇ ಕೇಳ್ಲಾ?"

"ಈಗ ಬೇಡ, ಆಪರೇಷನ್ ಮುಗೀಲಿ!" ಎಂದು ಟ್ವೈಲಾ ಅವನ ಬಾಯಿಗೆ ಕೈ ಅಡ್ಡ ಹಿಡಿದಳು. "ಈಗ ಕೇಳಿದ್ರೆ ಹೂಂ ಅಂದ್ಬಿಡ್ತೀನಿ. ಶುಕ್ರವಾರ ತನಕವೂ ಕಾಯಲ್ಲ. ನಾಲ್ಕು ಸಾವಿರದ ಇನ್ನೂರು ದಂಡ ಬೀಳುತ್ತೆ."