ಕರಗಿ ಮತ್ತೆ ಗಟ್ಟಿಯಾದ ಕಾಯಿತುರಿ

ಮನೆಗೆ ಫ್ರೀಜರ್ ತಂದಾಗ ನಮ್ಮ ಮಾವ ನಕ್ಕಿದ್ದರು. "ತೋಟದ ತುಂಬ ಕಾಯಿ ಇಟ್ಕೊಂಡು ಕಾಯಿತುರೀನ ಐಸ್‌ನಾಗೆ ಮಡಗ್ತೀಯೇನಮ್ಮ?"

ಆದರೆ ಸುಲಿಯುವಾಗ ಬಿರುಕು ಬಿಟ್ಟ ಕಾಯಿ ಅಟ್ಟದಲ್ಲಿಟ್ಟರೆ ಕೊಬ್ಬರಿಯಾಗುವುದಿಲ್ಲ, ಕೊಳೆಯುತ್ತದೆ. ಅಂಥವನ್ನು ಅವತ್ತೇ ತುರಿದು, ಒಂದು ಹೊತ್ತಿಗೆ ಬೇಕಾದಷ್ಟೇ ಪ್ಯಾಕೆಟ್ಟಿಗೆ ತುಂಬಿ, ಗಾಳಿ ಹೊರಹಾಕಿ, ತೆಳ್ಳಗೆ ತಟ್ಟಿ, ತಾರೀಕು ಬರೆದು ಇಡುತ್ತಿದ್ದೆ. ಅವರೆಕಾಳನ್ನು ಕುದಿನೀರಿನಲ್ಲಿ ಎರಡು ನಿಮಿಷ ಅದ್ದಿ, ತಣ್ಣೀರಿಗೆ ಹಾಕಿ, ಬಟ್ಟೆಯ ಮೇಲೆ ಆರಿಸಿ, ತಟ್ಟೆಯಲ್ಲಿ ಹರಡಿಟ್ಟು ಗಟ್ಟಿಯಾದ ಮೇಲೆ ಚೀಲಕ್ಕೆ ತುಂಬುತ್ತಿದ್ದೆ. ಹಾಗೆ ಮಾಡಿದರೆ ಕಾಳು ಒಂದಕ್ಕೊಂದು ಅಂಟುವುದಿಲ್ಲ.

ಇದಕ್ಕೆಲ್ಲ ನನ್ನ ಜೊತೆಗಿದ್ದವಳು ವಾರಗಿತ್ತಿ, ಮೈದುನನ ಹೆಂಡತಿ. ಹನ್ನೊಂದು ವರ್ಷ ಒಂದೇ ಅಡುಗೆಮನೆಯಲ್ಲಿ ದುಡಿದವರು ನಾವು. ನನಗೆ ಜ್ವರ ಬಂದರೆ ಪಕ್ಕದಲ್ಲಿ ಕೂತು ಗಂಜಿ ಕುಡಿಸಿದವಳು. ಒಮ್ಮೆ ಕರಗಿದ್ದನ್ನು ಮತ್ತೆ ಫ್ರೀಜರಿಗೆ ಹಾಕಬಾರದು, ಕೆಟ್ಟದ್ದು ಹೆಪ್ಪುಗಟ್ಟಿದರೆ ಒಳ್ಳೆಯದಾಗುವುದಿಲ್ಲ ಎಂದು ಅವಳಿಗೆ ನಾನೇ ಹೇಳಿಕೊಟ್ಟಿದ್ದೆ.

ಹೋದ ಬೇಸಿಗೆಯಲ್ಲಿ ಅಮ್ಮನ ಕಣ್ಣಿಗೆ ಆಪರೇಷನ್ ಆಯಿತು. ತವರು ಹಂದನಕೆರೆಯಲ್ಲಿ ಅಮ್ಮನ ಜೊತೆ ಒಂದು ವಾರ ಇದ್ದು, ಆಮೇಲೆ ಬಸ್ಸಿನಲ್ಲಿ ನಮ್ಮ ಮನೆಗೇ ಕರೆತಂದೆ. ಮಾರನೆಯ ಬೆಳಿಗ್ಗೆ ಇಡ್ಲಿಗೆ ಚಟ್ನಿ. ನಾನು ಮೆಣಸಿನಕಾಯಿ ಹುರಿಯುತ್ತಿದ್ದೆ. ಕಾಯಿತುರಿ ಕೊಡೆಂದು ವಾರಗಿತ್ತಿಗೆ ಹೇಳಿದೆ. ಅವಳು ಪ್ಯಾಕೆಟ್ ತಂದು, ನೀರಿನಲ್ಲಿ ಅದ್ದಿ ಬಿಡಿಸಿ, ಬಟ್ಟಲಿಗೆ ಸುರಿದಳು. ಬೆಳ್ಳುಳ್ಳಿ, ಹುಣಸೆಹಣ್ಣು ಮುಂದಾಗಿದ್ದ ಆ ಚಟ್ನಿಯಲ್ಲಿ ನನಗೇನೂ ಬೇರೆ ರುಚಿ ಗೊತ್ತಾಗಲಿಲ್ಲ. ಗಂಡಸರು ಆಗಲೇ ತೋಟಕ್ಕೆ ಹೋಗಿದ್ದರು. ವಾರಗಿತ್ತಿ ತನಗೂ ಮಕ್ಕಳಿಗೂ ಚಟ್ನಿಪುಡಿ ಹಾಕಿಕೊಂಡಳು.

"ಚಟ್ನಿ ಬೇಡ್ವೇನೆ?"

"ಹಲ್ಲು ಜುಂ ಅಂತದೆ ಕಣಕ್ಕ. ಹುಡುಗ್ರಿಗೆ ಪುಡೀನೇ ಇಷ್ಟ."

ಮಧ್ಯಾಹ್ನದ ಹೊತ್ತಿಗೆ ಅಮ್ಮನಿಗೆ ವಾಂತಿ, ಭೇದಿ. ನನ್ನ ಹೊಟ್ಟೆಯೂ ಹಿಂಡುತ್ತಿತ್ತು. ಆಟೋದಲ್ಲಿ ತಿಪಟೂರಿನ ಆಸ್ಪತ್ರೆಗೆ ಹೋದೆವು. ಡ್ರಿಪ್ ಹಾಕಿದ ಡಾಕ್ಟರು ಏನು ತಿಂದಿದ್ದರು ಎಂದು ಕೇಳಿದಾಗ, ಜೊತೆಗೆ ಬಂದಿದ್ದ ವಾರಗಿತ್ತಿಯೇ ಮಾತಾಡಿದಳು. "ಬಿಸಿಲಾಗೆ ಬಸ್ಸಲ್ಲಿ ಬಂದ್ರು. ಅದಕ್ಕೇ ಇರ್ಬೇಕು." ನಾನೂ ಹೌದೆಂದೆ.

ಎರಡು ದಿನ ಕಳೆದು ಅಮ್ಮ ಮನೆಗೆ ಬಂದರು. ಸಾರಿಗೆಂದು ಅವರೆಕಾಳಿನ ಚೀಲ ಎತ್ತಿದೆ. ಬಿಡಿಬಿಡಿಯಾಗಿ ಇರಬೇಕಾದ ಕಾಳು ಒಂದೇ ಮುದ್ದೆಯಾಗಿತ್ತು. ಕಾಯಿತುರಿಯ ಪ್ಯಾಕೆಟ್ಟುಗಳು ಬಾಗಿ, ಫ್ರೀಜರಿನ ಬುಟ್ಟಿಯ ಕಂಬಿಗಳ ಗುರುತು ಹೊತ್ತು ಗಟ್ಟಿಯಾಗಿದ್ದವು. ಎಲ್ಲ ಕರಗಿ ಮತ್ತೆ ಹೆಪ್ಪುಗಟ್ಟಿತ್ತು.

ಪಾತ್ರೆ ತೊಳೆಯುತ್ತಿದ್ದ ಅವಳ ಮುಂದೆ ಚೀಲ ಹಿಡಿದೆ.

"ನೀನು ಊರಿಗೆ ಹೋದಾಗ ಗ್ರೈಂಡರ್ ಹಾಕಕ್ಕೆ ಫ್ರೀಜರ್ ಪ್ಲಗ್ ತೆಗೆದಿದ್ದೆ ಕಣಕ್ಕ. ಮತ್ತೆ ಹಾಕದು ಮರ್ತೋಯ್ತು. ಮೂರನೇ ದಿನ ನೋಡ್ದೆ. ನೀರು ಒರಸಿ ಆನ್ ಮಾಡ್ದೆ. ನೀನು ಬೈತೀಯ ಅಂತ ಹೇಳ್ಲಿಲ್ಲ."

"ನಿನ್ನ ಮಕ್ಳಿಗೆ ಪುಡಿ ಹಾಕ್ದೆ. ನಮ್ಮಮ್ಮನ ತಟ್ಟೆಗೆ ಚಟ್ನಿ ಹಾಕ್ವಾಗ ನಿಂಗೆ ಬಾಯಿ ಬರ್ಲಿಲ್ವಾ?"

ಅವಳು ನಲ್ಲಿ ನಿಲ್ಲಿಸಿದಳು.

ಅಷ್ಟನ್ನೂ ತೋಟದ ಗುಂಡಿಗೆ ಸುರಿದು ಮಣ್ಣು ಮುಚ್ಚಿದೆ. ಬುಟ್ಟಿ ಹಿಡಿಯಲು ಅವಳು ಬಂದಳು, ನಾನು ಕೊಡಲಿಲ್ಲ. ವಿಷಯ ತಿಳಿದ ಅಮ್ಮ, "ಹೋಗ್ಲಿ ಬುಡು, ಮರೆವು ಯಾರಿಗಿಲ್ಲ" ಎಂದರು. ಮರೆವನ್ನು ನಾನು ಆಗಲೇ ಕ್ಷಮಿಸಿದ್ದೆ. ಕಾಯಿತುರಿ ಕೆಟ್ಟಿದೆಯೆಂದು ಗೊತ್ತಿದ್ದೂ ತನ್ನ ಕೈಯಾರೆ ತಂದುಕೊಟ್ಟಳಲ್ಲ, ಅದನ್ನು ಕ್ಷಮಿಸಲು ಇನ್ನೂ ಆಗಿಲ್ಲ.

ಅಡುಗೆಮನೆ ಈಗಲೂ ಒಂದೇ. ಅವಳು ಬಡಿಸುತ್ತಾಳೆ, ನಾನು ಕೂರುತ್ತೇನೆ. ಅವಳು ಮೊದಲ ತುತ್ತು ತಿನ್ನುವವರೆಗೆ ನನ್ನ ಕೈ ತಟ್ಟೆಯಿಂದ ಮೇಲೇಳುವುದಿಲ್ಲ.